ಒಂದು ಬೆರಳಗಲ ಮದ್ರಾಸು

ನಮ್ಮಣ್ಣನಿಗೆ ಮದ್ರಾಸು ರೈಲ್ವೆ ಸ್ಟೇಷನ್ನಿನ ಮುಂಭಾಗದಲ್ಲಿ ಎಷ್ಟು ಕಂಬಗಳಿವೆ ಅಂತ ಗೊತ್ತು. ಯಾವ ಕಂಬದ ಬುಡದಲ್ಲಿ ಜಟಕಾ ಗಾಡಿ ನಿಲ್ಲುತ್ತದೆ, ಯಾವ ಕಂಬದ ನೆರಳಿನಲ್ಲಿ ಎಳನೀರಿನವನು ಕೂರುತ್ತಾನೆ ಅಂತಲೂ ಗೊತ್ತು. ಆದರೆ ತಾನು ಮನೆ ಕಟ್ಟಿಸಿಕೊಂಡಿರುವ ಮದ್ದೂರಿನ ಸ್ಟೇಷನ್ನಿನಲ್ಲಿ ಟಿಕೇಟು ಕೊಡುವ ಕಿಂಡಿ ಎಡಕ್ಕಿದೆಯೋ ಬಲಕ್ಕಿದೆಯೋ ಅಂತ ಕೇಳಿ ನೋಡಿ, ತಲೆ ಕೆರೆದುಕೊಳ್ಳುತ್ತಾನೆ! ಯಾಕೆ ಅಂತೀರಾ? ಮದ್ದೂರಿನದು ಈಗಿನ ಸ್ಟೇಷನ್ನು. ನಮ್ಮಣ್ಣ ಓಡಾಡುವುದೆಲ್ಲ ನೂರು ವರ್ಷ ಹಳೆಯ ಸ್ಟೇಷನ್ನಿನಲ್ಲಿ. ಅದೂ ಫೋಟೋದಲ್ಲಿ.

ಅವನ ಮನೆಯ ಗೋಡೆ ನೋಡಬೇಕು ನೀವು. ಎಲ್ಲರ ಮನೆಯಲ್ಲಿ ದೇವರು, ಹಿರಿಯರು, ಮದುವೆಯ ಜೋಡಿ ಇರುವ ಜಾಗದಲ್ಲಿ ಅಣ್ಣನ ಮನೆಯಲ್ಲಿ ಮದ್ರಾಸಿದೆ. ಬಾಗಿಲ ಮೇಲೆ ಸ್ಟೇಷನ್ನಿನ ಗಡಿಯಾರದ ಗೋಪುರ. ಟಿ.ವಿ.ಯ ನೆತ್ತಿಯ ಮೇಲೆ ಹೊಗೆ ಬಿಡುವ ಹಡಗು. ಅಡುಗೆಮನೆಗೆ ಹೋಗುವ ದಾರಿಯುದ್ದಕ್ಕೂ ಮೂಟೆ ಹೊತ್ತ ಕೂಲಿಗಳ ಸಾಲು. ಅವನ ಮನೆಗೆ ಹೋದವರು ಬಂದರು ದಾಟಿಯೇ ಕಾಫಿ ಕುಡಿಯಬೇಕು. ಅತ್ತಿಗೆ ಹೇಳುವುದು ಹೀಗೆ: “ಮದ್ವೆ ಆಗಿ ಇಷ್ಟ್ ವರ್ಸ ಆಯ್ತು, ನಂಗೊಂದಿನ ಮೈಸೂರ್ ಜೂ ತೋರುಸ್ನಿಲ್ಲ. ಮದ್ರಾಸ್ನ ಗ್ವಾಡೆ ಮ್ಯಾಲೆ ತಂದ್ ನಿಲ್ಸವ್ರೆ. ದಿನಾ ಧೂಳ್ ವರೆಸೋಳು ನಾನು.”

ಅಣ್ಣ ರೈಲ್ವೆಯಲ್ಲಿ ಕೆಲಸದಲ್ಲಿದ್ದನೇ? ಇಲ್ಲ, ಶಿವನಸಮುದ್ರದ ಬ್ಲಫಿನ ಪವರ್ ಹೌಸಿನಲ್ಲಿದ್ದು ನಿವೃತ್ತನಾದವನು. ಸಮುದ್ರವನ್ನಾದರೂ ನೋಡಿದ್ದಾನೆಯೇ? ಅದೂ ಇಲ್ಲ. ಮದ್ರಾಸಿಗೆ ಒಮ್ಮೆಯೂ ಹೋಗಿಲ್ಲ. ರೈಲು ಹತ್ತಿ ಕೂತರೆ ಮುಟ್ಟಿಸುವ ಊರಿಗೆ ಯಾಕೆ ಹೋಗಲಿಲ್ಲವೋ ಮಾರಾಯ ಅಂತ ನಾನೇ ಕೇಳಿದ್ದೇನೆ. “ಅಲ್ಲಿಗೋದ್ರೆ ಈಗಿನ್ದೇ ಕಾಣ್ತದೆ ಕಣ್ಲಾ. ಅದ ನೋಡ್ಕಂಡು ಏನ್ ಮಾಡ್ಲಿ?” ಅಂದ. ಇಂಥವನ ಹತ್ತಿರ ಏನು ಮಾತಾಡುತ್ತೀರಿ?

ಈ ಹುಚ್ಚಿಗೆ ಕಾರಣ ನಮ್ಮ ತಾತ. ನಮ್ಮಪ್ಪ ಇನ್ನೂ ಅಜ್ಜಿಯ ಹೊಟ್ಟೆಯಲ್ಲಿದ್ದಾಗ ತಾತ ಒಬ್ಬ ಮೇಸ್ತ್ರಿಯ ಹಿಂದೆ ಮದ್ರಾಸಿಗೆ ಕೂಲಿಗೆ ಹೋದನಂತೆ. ರೈಲು ಹಡಗಿನ ಪಕ್ಕಕ್ಕೇ ಬಂದು ನಿಲ್ಲುವ ಜಾಗದಲ್ಲಿ ಮೂಟೆ ಇಳಿಸುವ ಕೆಲಸ, ಚೆನ್ನಾಗಿದ್ದೇನೆ ಅಂತ ಒಂದು ಸಲ ಯಾರ ಬಾಯಲ್ಲೋ ಹೇಳಿ ಕಳಿಸಿದ. ಆಮೇಲೆ ಸುದ್ದಿಯೇ ಇಲ್ಲ. ಅವನದೊಂದು ಫೋಟೋ ಕೂಡ ಇಲ್ಲ. ಕೂಲಿಯವನನ್ನು ಕೂರಿಸಿ ಫೋಟೋ ತೆಗೆಯುವವರು ಆಗ ಯಾರಿದ್ದರು? ನಮ್ಮ ಕಡೆ ಪಿತೃಪಕ್ಷದ ಹಿರಿಯರ ಹಬ್ಬದಲ್ಲಿ ಸತ್ತವರ ಫೋಟೋಗಳನ್ನು ಸಾಲಾಗಿಟ್ಟು, ಹೊಸ ಬಟ್ಟೆ ಇಟ್ಟು, ಮಾಂಸದ ಸಾರು ಮುದ್ದೆ ಕಜ್ಜಾಯ ಎಲ್ಲ ಬಡಿಸಿ ಎಡೆ ಇಡುತ್ತೇವೆ. ತಾತನ ಎಲೆಯ ಮುಂದೆ ಮಾತ್ರ ಬರೀ ಗೋಡೆ.

ಆ ತಾತನನ್ನು ಕಣ್ಣಾರೆ ಕಂಡವರು ಉಳಿದಿರುವುದು ಒಬ್ಬರೇ, ಕೊಕ್ಕರೆ ಬೆಳ್ಳೂರಿನಲ್ಲಿರುವ ನಮ್ಮ ಸೋದರತ್ತೆ, ನಮ್ಮಪ್ಪನ ಅಕ್ಕ. ತೊಂಬತ್ತು ದಾಟಿದೆ. ತಾತ ಹೋದಾಗ ಸೆರಗು ಹಿಡಿದು ಓಡಾಡುವ ಕೂಸು. ಅಪ್ಪನ ಮುಖ ಅವಳಿಗೆ ನೆನಪಿಲ್ಲ. ನೆನಪಿರುವುದು ಒಂದೇ: ಅವನು ನಿಲ್ಲುತ್ತಿದ್ದ ರೀತಿ. ಒಂದು ಕಾಲನ್ನು ಮಡಿಸಿ, ಅಂಗಾಲನ್ನು ಇನ್ನೊಂದು ಮಂಡಿಗೆ ಒತ್ತಿಕೊಂಡು, ಮರದ ಮೇಲಿನ ಕೊಕ್ಕರೆ ಹಾಗೆ ಒಂಟಿಗಾಲಲ್ಲೇ ಎಷ್ಟು ಹೊತ್ತಾದರೂ ನಿಂತಿರುತ್ತಿದ್ದನಂತೆ. ಪ್ರತಿ ಹಬ್ಬದಲ್ಲೂ ಅತ್ತೆ ಅಣ್ಣನನ್ನು ಕೇಳುತ್ತಾಳೆ: “ನಮ್ಮಪ್ಪ ಸಿಕ್ಕುದ್ನಾ ಮಗ?” ನೀನು ಕಣ್ಣು ಮುಚ್ಚುವುದರೊಳಗೆ ತೋರಿಸುತ್ತೇನೆ ಅಂತ ಅಣ್ಣ ಯಾವುದೋ ಒಂದು ಹಬ್ಬದಲ್ಲಿ ಅವಳ ಕೈ ಹಿಡಿದು ಮಾತು ಕೊಟ್ಟುಬಿಟ್ಟ. ಅವತ್ತಿನಿಂದ ಹಳೆಯ ಮದ್ರಾಸಿನ ಬೇಟೆ ಶುರು! ಗುಜರಿ ಅಂಗಡಿ, ಬೆಂಗಳೂರಿನ ಹಳೇ ಸಾಮಾನಿನ ಸಂತೆ, ಮೊಬೈಲು, ಎಲ್ಲೆಲ್ಲಿಂದಲೋ ಆ ಊರಿನ ಸ್ಟೇಷನ್ನು, ಬಂದರುಗಳ ಫೋಟೋ ತರುವುದು, ಭೂತಗನ್ನಡಿ ಹಿಡಿದು ಒಂಟಿಗಾಲಿನ ಮನುಷ್ಯನನ್ನು ಹುಡುಕುವುದು.

ಒಂದು ಸಲ ತಂದ ಫೋಟೋ ನಮ್ಮ ತಾತ ಹುಟ್ಟುವುದಕ್ಕೂ ಮೊದಲಿನದು. ಇದರಲ್ಲಿ ತಾತ ಎಲ್ಲಿಂದ ಬರುತ್ತಾನಪ್ಪ ಅಂತ ಕೇಳಿದೆ. “ಮೊದ್ಲು ಜಾಗ ಗುರ್ತಾಗ್ಬೇಕಲ್ಲ,” ಅಂದ.

ಜಾಗದ ಗುರುತು ಎಷ್ಟರಮಟ್ಟಿಗೆ ಆಯಿತು ಅಂದರೆ, ಮದ್ದೂರಿನಿಂದ ಯಾರೇ ಮದ್ರಾಸಿಗೆ ಹೊರಟರೂ ದಾರಿ ಕೇಳಲು ಅಣ್ಣನ ಹತ್ತಿರ ಬರತೊಡಗಿದರು. ಅವನ ಬೀದಿಯವರೊಬ್ಬರು ಹೃದಯ ತೋರಿಸಿಕೊಂಡು ಬರಲು ಹೊರಟರು. ಅಣ್ಣ ಅವರನ್ನು ಕೂರಿಸಿಕೊಂಡು, ಸ್ಟೇಷನ್ನಿನಿಂದ ಈಚೆ ಬಂದರೆ ಎಡಕ್ಕೆ ಜಟಕಾಗಳು ನಿಂತಿರುತ್ತವೆ, ಅವನ್ನು ದಾಟಿದರೆ ಟ್ರಾಮು ಸಿಗುತ್ತದೆ, ಹತ್ತಿ ಕೂರಿ ಅಂದ. ಟ್ರಾಮಿನ ಕಂಬಿ ಕಿತ್ತು ಯಾವ ಕಾಲವಾಗಿದೆಯೋ! ಪಾಪ, ಆ ಮನುಷ್ಯ ನಮ್ಮ ಮಂಡ್ಯದ ಕನ್ನಡದಲ್ಲಿ ಟ್ರಾಮು ಎಲ್ಲಿ, ಟ್ರಾಮು ಎಲ್ಲಿ ಅಂತ ಕೇಳಿಕೊಂಡು ಉರಿ ಬಿಸಿಲಲ್ಲಿ ಆಸ್ಪತ್ರೆಯವರೆಗೂ ನಡೆದೇ ಹೋದರು. ಡಾಕ್ಟರು ಸ್ಟೇಷನ್ನಿನಿಂದ ಹೇಗೆ ಬಂದಿರಿ ಅಂತ ಕೇಳಿ, ಅಷ್ಟು ದೂರ ನಡೆದಿದ್ದೀರಿ ಅಂದರೆ ನಿಮ್ಮ ಹೃದಯಕ್ಕೆ ಏನೂ ಆಗಿಲ್ಲ ಅಂತ ವಾಪಸು ಕಳಿಸಿದರು. ಅವರು ಇವತ್ತಿಗೂ ಅಣ್ಣನಿಗೆ ಕೈ ಮುಗಿಯುತ್ತಾರೆ.

ಇನ್ನು ಅಣ್ಣನ ಮಗಳನ್ನು ನೋಡಲು ಮಂಡ್ಯದಿಂದ ಗಂಡಿನವರು ಬಂದ ದಿನದ್ದು ಹೇಳಬೇಕು. ಗಂಡಿನ ತಂದೆ ಗೋಡೆ ಪೂರ್ತಿ ನೋಡಿ, ನಿಮ್ಮ ಮನೆಯ ಹಿರಿಯರ ಫೋಟೋ ಒಂದೂ ಕಾಣುತ್ತಿಲ್ಲವಲ್ಲ ಅಂತ ವಿಚಾರಿಸಿದರು. ಅಣ್ಣ ಹಡಗಿನ ಮುಂದೆ ಇರುವೆ ಸಾಲಿನ ಹಾಗೆ ಕಿಕ್ಕಿರಿದಿದ್ದ ಕೂಲಿಗಳನ್ನು ತೋರಿಸಿ, “ಇವ್ರಲ್ಲಿ ಒಬ್ರು ನಮ್ ತಾತ. ಯಾರು ಅಂತ ಇನ್ನೂ ಗೊತ್ತಾಗಿಲ್ಲ,” ಅಂದ. ಅತ್ತಿಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಈ ಸಂಬಂಧ ಹೋಯಿತು ಅಂತ ನಾವೆಲ್ಲ ಅಂದುಕೊಂಡಿರುವಾಗ ಗಂಡಿನ ತಂದೆ ಭೂತಗನ್ನಡಿ ಇಸಿದುಕೊಂಡು ತಾವೂ ಹುಡುಕಲು ನಿಂತರು! ಆಮೇಲೆ ಗಂಡೂ ಬಂದು ಸೇರಿಕೊಂಡ. ಹುಡುಗಿ ಕಾಫಿ ತಂದಳು, ಇಟ್ಟಳು, ಹೋದಳು. ಯಾರೂ ತಲೆ ಎತ್ತಲಿಲ್ಲ. ಹುಡುಗಿಯನ್ನು ನೋಡದೆಯೇ ಒಪ್ಪಿಕೊಂಡು ಹೋದ ಗಂಡಿನವರು ನಮ್ಮ ಕಡೆ ಬೇರೆ ಯಾರೂ ಇರಲಾರರು.

ಇಷ್ಟೆಲ್ಲ ಆಡಿಕೊಳ್ಳುವ ನಾನು ಯಾರು? ಏಳನೇ ಕ್ಲಾಸಿಗೇ ಶಾಲೆ ಕೈಬಿಟ್ಟ ತಮ್ಮ. ಮಳವಳ್ಳಿಯ ಬಸ್ ಸ್ಟ್ಯಾಂಡಿನ ಹತ್ತಿರ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟುಕೊಂಡಿದ್ದೇನೆ. ದೇವರಾಗಲಿ, ದೇವರ ಪಾದ ಸೇರಿದವರಾಗಲಿ, ನನ್ನ ಕೈ ದಾಟದೆ ಈ ತಾಲ್ಲೂಕಿನ ಗೋಡೆ ಹತ್ತುವ ಹಾಗಿಲ್ಲ. ಅಣ್ಣನ ಮದ್ರಾಸಿಗೂ ಕಟ್ಟು ಹಾಕುತ್ತಿದ್ದವನು ನಾನೇ. ಅವನು ಅಂಗಡಿಗೆ ಬಂದರೆ ಗಿರಾಕಿಗಳ ಮುಂದೆ, ಏನಣ್ಣ, ಹಡಗು ಬಂತಾ ಅಂತ ಕೇಳಿ ನಗಿಸುತ್ತಿದ್ದೆ. ಅವನೂ ನಗುತ್ತಿದ್ದ. ಇನ್ನೊಂದು ಗುಟ್ಟು: ಬೇರೆಯವರ ಫೋಟೋಗೆ ಅಳತೆ ನೋಡಿ ಗಾಜು ಕೊಯ್ಯುವ ನಾನು ಅಣ್ಣನ ಫೋಟೋಗೆ ಮೂಲೆಯಲ್ಲಿ ಮಿಕ್ಕ ಗಾಜನ್ನೇ ಹುಡುಕುತ್ತಿದ್ದೆ. ಗಾಜಿಗೆ ಫೋಟೋ ದೊಡ್ಡದಾದರೆ? ಫೋಟೋದ ಅಂಚನ್ನೇ ಕೊಯ್ದುಬಿಡುತ್ತಿದ್ದೆ! ಮನೆಯವನಲ್ಲವೇ, ನಡೆಯುತ್ತದೆ. ಅಷ್ಟು ದೊಡ್ಡ ಮದ್ರಾಸಿನಲ್ಲಿ ಒಂದು ಬೆರಳಗಲ ಹೋದರೆ ಯಾರಿಗೆ ಏನು ನಷ್ಟ?

ಕಳೆದ ವರ್ಷ ಹಿರಿಯರ ಹಬ್ಬಕ್ಕೆ ಸ್ವಲ್ಪ ಮುಂಚೆ ಅಣ್ಣ ಒಂದು ಫೋಟೋ ತಂದ. ಮೊಬೈಲಿನಿಂದ ತೆಗೆಸಿದ ನಕಲಲ್ಲ, ಆ ಕಾಲದ್ದೇ, ದಪ್ಪ ರಟ್ಟಿಗೆ ಅಂಟಿಸಿದ್ದು. ಒಂದು ಕಡೆ ರೈಲಿನ ಡಬ್ಬಿಗಳು, ಅವಕ್ಕೆ ತಾಗಿದ ಹಾಗೆ ಹಡಗು, ನಡುವೆ ಮೂಟೆ, ಜನ. ಅದನ್ನು ಟವೆಲಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ಬಸ್ಸಿನಲ್ಲಿ ತಂದಿದ್ದ. “ಉಷಾರು ಕಣ್ಲಾ, ಮೂಲೆ ಮುರ್ದಾತು,” ಅಂದ. ಅವತ್ತು ಅಣ್ಣನ ಮುಖದಲ್ಲಿ ಒಂದು ಕಳೆ ಇತ್ತು. ಏನು ಅಂತ ನಾನು ಕೇಳಲಿಲ್ಲ, ಹಡಗು ಬಂತಾ ಅಂತಷ್ಟೇ ಕೇಳಿದೆ. ಅವನು ಹೇಳಲೂ ಇಲ್ಲ. ಹೇಳಿದರೆ ಗಿರಾಕಿಗಳ ಮುಂದೆ ನಗುತ್ತೇನೆ ಅಂತ ಇರಬೇಕು.

ಹಬ್ಬದ ಸಮಯ, ಸತ್ತವರಿಗೆಲ್ಲ ಹೊಸ ಕಟ್ಟು ಬೇಕು, ಅಂಗಡಿ ತುಂಬಾ ಕೆಲಸ. ಯಾರೋ ಬೇಡ ಅಂದು ಬಿಟ್ಟುಹೋದ ಗಾಜು ಒಂದಿತ್ತು. ಅಣ್ಣನ ಫೋಟೋ ಅದಕ್ಕಿಂತ ಬೆರಳಗಲ ದೊಡ್ಡದು. ಎಡ ಅಂಚಿಗೆ ಅಳತೆಕೋಲು ಇಟ್ಟು ಚಾಕು ಎಳೆದೆ. ಹಳೇ ಕಾಲದ ರಟ್ಟು ನೋಡಿ, ಏನು ಗಟ್ಟಿ! ಕೊಯ್ದ ಪಟ್ಟಿಯನ್ನು ಬಿಸಾಡಲು ಮನಸ್ಸಾಗಲಿಲ್ಲ. ನಮ್ಮ ಕಸುಬಿನಲ್ಲಿ ಕಟ್ಟಿನೊಳಗೆ ಫೋಟೋ ಲೊಡಲೊಡ ಅನ್ನದಿರಲಿ ಅಂತ ಹಿಂದೆ ಇಂಥ ಚೂರುಗಳನ್ನು ಒತ್ತಿಡುತ್ತೇವೆ. ಪಕ್ಕದಲ್ಲಿದ್ದ ಯಾವುದೋ ಫೋಟೋದ ಬೆನ್ನಿಗೆ ಅದನ್ನು ಸಿಕ್ಕಿಸಿ ಮೊಳೆ ಹೊಡೆದೆ. ಒಂದು ಚೂರನ್ನೂ ಹಾಳು ಮಾಡದ ಕಸುಬುದಾರ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಹಬ್ಬದ ಹಿಂದಿನ ದಿನ ಅಣ್ಣ ಬಂದ. ಅಲ್ಲಿಂದ ಹಾಗೇ ಬೆಳ್ಳೂರಿಗೆ ಹೊರಟಿದ್ದ. ಕಟ್ಟು ಹಾಕಿದ ಫೋಟೋವನ್ನು ಬೆಳಕಿಗೆ ಹಿಡಿದು, ಭೂತಗನ್ನಡಿ ತೆಗೆದು ಎಡಗಡೆ ಅಂಚನ್ನು ನೋಡಿದ. ಕನ್ನಡಿ ಒರೆಸಿ ಮತ್ತೆ ನೋಡಿದ. ಆಮೇಲೆ ಅಲ್ಲೇ ಸ್ಟೂಲಿನ ಮೇಲೆ ಕೂತ.

“ಇಲ್ಲೊಬ್ಬ ನಿಂತಿದ್ದ ಕಣ್ಲಾ. ಕಡೇಲಿ. ಒಂಟಿಕಾಲಲ್ಲಿ.”

ನಾನು ಕೈಯಲ್ಲಿದ್ದ ಕಟ್ಟಿಗೆ ಇನ್ನೊಂದು ಮೊಳೆ ಹೊಡೆದೆ.

“ನೀನೇನಾರ ಕುಯ್ದಾ?” ಅಂತ ಕೇಳಿದ.

ಹೂಂ ಅನ್ನುವುದು ಎಷ್ಟು ದೊಡ್ಡ ಮಾತು? ಮೂಗಿನಲ್ಲೇ ಹೇಳಬಹುದು, ಬಾಯಿ ಕೂಡ ತೆರೆಯಬೇಕಾಗಿಲ್ಲ. ಅಂಗಡಿಯಲ್ಲಿ ಗಿರಾಕಿಗಳಿದ್ದರು. “ಇಲ್ಲ ಕಣಣ್ಣ,” ಅಂದೆ.

ಅಣ್ಣ ಈಚೆಗಷ್ಟೇ ಕಣ್ಣಿನ ಪೊರೆ ತೆಗೆಸಿಕೊಂಡಿದ್ದ. “ಅಂಗಾರೆ ನನ್ ಕಣ್ಣೇ ಇರ್ಬೇಕು ಬುಡು. ಬೇಕು ಬೇಕು ಅಂತ ನೋಡಿದ್ರೆ ಏನೇನೋ ಕಾಣ್ತದೆ,” ಅಂದು ಎದ್ದು ಹೋದ. ಫೋಟೋ ತೆಗೆದುಕೊಂಡು ಹೋಗಲಿಲ್ಲ.

ಈ ಹಬ್ಬಕ್ಕೆ ನಿಮ್ಮಪ್ಪನನ್ನು ಕರೆದುಕೊಂಡು ಬರುತ್ತೇನೆ ಅಂತ ಅವನು ಅತ್ತೆಗೆ ಮೊದಲೇ ಹೇಳಿ ಕಳಿಸಿದ್ದನಂತೆ. ಮಾರನೆಯ ದಿನ ಎಡೆ ಇಡುವಾಗ ನಾನೂ ಬೆಳ್ಳೂರಿನಲ್ಲಿದ್ದೆ. ಅಣ್ಣ ಅತ್ತೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ನಾನೇ ತಪ್ಪು ಕಂಡೆ ಅತ್ತೆ ಅಂದ. ಅತ್ತೆ ಅವನ ತಲೆ ಸವರಿ, ಹೋಗಲಿ ಬುಡು ಮಗ ಅಂದಳು. ನಾನು ಏನು ಮಾಡಿದೆ ಗೊತ್ತೇ? ಇನ್ನೊಂದು ತುಂಡು ಮಾಂಸ ಹಾಕಿಸಿಕೊಂಡೆ. ಬಾಯಿ ಖಾಲಿ ಇದ್ದರೆ ನಿಜ ಎಲ್ಲಿ ಹೊರಗೆ ಬಂದುಬಿಡುತ್ತದೋ ಅಂತ.

ಆಮೇಲೆ ಅಣ್ಣ ಗೋಡೆಯ ಮೇಲಿದ್ದ ಫೋಟೋಗಳನ್ನೆಲ್ಲ ಇಳಿಸಿ, ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿದ. ನಾನು ಹೇಳಿಬಿಡುತ್ತೇನೆ ಅಂತ ಮದ್ದೂರಿಗೆ ಹೋಗುವುದು, ವಡೆ ತಿಂದು ವಾಪಸು ಬರುವುದು, ಹೀಗೇ ತಿಂಗಳುಗಳು ಕಳೆದವು. ಅವರೆಕಾಯಿ ಕಾಲಕ್ಕೆ ಒಂದು ದಿನ ಅತ್ತಿಗೆಯ ಫೋನು. ಧೂಳು ಒರೆಸುವ ಕಾಟ ತಪ್ಪಿತು ಅಂತ ಖುಷಿಯಾಗಿರಬೇಕಾದವರು ದನಿ ಇಳಿಸಿ ಮಾತಾಡಿದರು. “ಗ್ವಾಡೆ ನೋಡುದ್ರೆ ಒಟ್ಟೆ ಉರೀತದೆ ಕಣಪ್ಪ. ಪೇಪರ್ ಕೊಟ್ರೂವೆ ಇದು ಇಂಗೇ ಬರ್ದದ ಅಂತ ನನ್ನ ಕೇಳ್ತರೆ. ಅವ್ರ ಕಣ್ಣ ಅವ್ರೇ ನಂಬ್ತಿಲ್ಲ. ನೀನಾರ ಬಂದು ಎರಡ್ ಮಾತಾಡಿ ನಗ್ಸು.”

ನಗಿಸುವವನಂತೆ ನಾನು!

ಅವತ್ತೇ ಅಂಗಡಿಗೆ ಬೀಗ ಹಾಕಿ ಆ ಪಟ್ಟಿ ಹುಡುಕಲು ಹೊರಟೆ. ಆ ದಿನ ನನ್ನ ಪಕ್ಕದಲ್ಲಿದ್ದ ಫೋಟೋಗಳು ಯಾವುವು ಅಂತ ನೆನೆನೆನೆದು ಮೂರು ಗುರುತು ಹಿಡಿದಿದ್ದೆ. ಮೊದಲನೆಯದು ಮದ್ದೂರಿನ ಒಂದು ಹೋಟೆಲಿನ ಲಕ್ಷ್ಮಿ. ಕಟ್ಟಿನ ಹಿಂದೆ ಗೆದ್ದಲು ಹಿಡಿಯುತ್ತದೆ, ರಟ್ಟು ಬದಲಾಯಿಸಿ ಕೊಡುತ್ತೇನೆ, ದುಡ್ಡು ಬೇಡ ಅಂತ ನೆಪ ಹೇಳಿದೆ. ಕಟ್ಟು ಹಾಕುವವನು ತಾನಾಗಿ ಬಂದು ಬಿಟ್ಟಿ ಕೆಲಸ ಮಾಡುತ್ತೇನೆ ಅಂದರೆ ಯಾರು ನಂಬುತ್ತಾರೆ? ಯಜಮಾನರು ಲಕ್ಷ್ಮಿಯ ಮುಂದಿನಿಂದ ಗಲ್ಲಾಪೆಟ್ಟಿಗೆಯನ್ನು ಬೇರೆ ಕಡೆಗೆ ಸರಿಸಿಟ್ಟು ಆಮೇಲೆ ಬಿಚ್ಚಲು ಬಿಟ್ಟರು. ಲಕ್ಷ್ಮಿಯ ಬೆನ್ನಿಗೆ ಸಿಕ್ಕಿದ್ದು ಯಾರದೋ ಮದುವೆ ಕಾಗದದ ಚೂರು, ಎರಡು ಜಿರಳೆ. ಎರಡನೆಯದು ಮಳವಳ್ಳಿಯ ನಿವೃತ್ತ ಮೇಷ್ಟ್ರೊಬ್ಬರ ಸನ್ಮಾನದ ಫೋಟೋ. ನಾನು ಅದನ್ನೇ ನೋಡಲು ಬಂದೆ ಅಂದುಕೊಂಡು ಅವರು ಅವತ್ತಿನ ತಮ್ಮ ಭಾಷಣವನ್ನು ಪೂರ್ತಿ ಮತ್ತೆ ಮಾಡಿದರು. ಶಾಲೆ ಬಿಟ್ಟು ಓಡಿಹೋದ ಪಾಪ ಅವತ್ತು ತೀರಿತು. ಪಟ್ಟಿ ಅಲ್ಲೂ ಇರಲಿಲ್ಲ.

ಮೂರನೆಯದು ಕೊತ್ತತ್ತಿಯಲ್ಲಿ, ದೊಡ್ಡ ಮೀಸೆಯ ಒಬ್ಬ ಯಜಮಾನರದು. ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಹೆಂಡತಿಯ ಮುಂದೆ ಗೆದ್ದಲಿನ ನೆಪ ಬಾಯಿಗೆ ಬರಲಿಲ್ಲ, ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. ಆಯಮ್ಮ ತಾವೇ ಹಾರ ತೆಗೆದು ಫೋಟೋ ಇಳಿಸಿಕೊಟ್ಟರು. ಮೊಳೆ ಕಿತ್ತು ರಟ್ಟು ಎತ್ತಿದೆ. ಬೆರಳಗಲದ ಪಟ್ಟಿ. ತಿರುಗಿಸಿ ನೋಡಿದರೆ ಹಗ್ಗದ ಸುರುಳಿ, ಅದರ ಪಕ್ಕ ಎಳ್ಳಿನಷ್ಟು ತಲೆಯ ಒಬ್ಬ ಮನುಷ್ಯ. ಒಂದು ಕಾಲು ನೆಲದ ಮೇಲೆ. ಇನ್ನೊಂದು ಮಂಡಿಗೆ.

ಆಯಮ್ಮನೂ ಕಣ್ಣು ಕಿರಿದು ಮಾಡಿ ನೋಡಿದರು. “ಅಂಗಾರೆ ಅಬ್ಬದಲ್ಲಿ ನಾವಿಕ್ಕಿದ್ ಎಡೇಲಿ ನಿಮ್ ತಾತಾನೂ ಉಂಡವ್ರೆ ಬುಡಿ,” ಅಂದರು. “ನಮ್ಮೆಜಮಾನ್ರು ಒಬ್ರೇ ಉಣ್ಣೋರಲ್ಲ.”

ಅಲ್ಲಿಂದ ನೇರ ಮದ್ದೂರಿಗೆ ಹೋದರೆ ಅಣ್ಣ ಮನೆಯಲ್ಲಿರಲಿಲ್ಲ. ಅತ್ತೆಗೆ ಮೈ ಸರಿಯಿಲ್ಲ ಅಂತ ಬೆಳ್ಳೂರಿಗೆ ಹೋಗಿದ್ದ. ಮಾರನೆಯ ಬೆಳಿಗ್ಗೆ ನಾನೂ ಅಲ್ಲಿಗೆ ಹೋದೆ. ಬೀದಿಯ ಹುಣಸೆಮರಗಳ ತುಂಬ ಕೊಕ್ಕರೆಗಳ ಗಲಾಟೆ. ಅತ್ತೆ ಜಗಲಿಯ ಬಿಸಿಲಿನಲ್ಲಿ ಕಂಬಳಿ ಹೊದ್ದು ಕೂತಿದ್ದಳು, ಅಣ್ಣ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದ. ಪಟ್ಟಿಯನ್ನು ಅವನ ಕೈಗೆ ಕೊಟ್ಟು, ಕುಯ್ದದ್ದು ನಾನೇ ಅಂದೆ. ಇಲ್ಲ ಅಂತ ಸುಳ್ಳು ಹೇಳಿದ್ದೂ ನಾನೇ ಅಂದೆ. ಹೊಡೆಯುತ್ತಾನೆ ಅಂತ ಕಾದೆ. ಹೊಡೆದಿದ್ದರೆ ಚೆನ್ನಾಗಿತ್ತು.

ಅಣ್ಣ ಜೇಬು ತಡಕಿದ. ಭೂತಗನ್ನಡಿ ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದ. ಪಟ್ಟಿಯನ್ನು ಮೂಗಿನ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದ.

“ಅಂಗಾರೆ ನನ್ ಕಣ್ ಸರಿಯಾಗೇ ಅವೆ ಕಣ್ಲಾ,” ಅಂದ.

ಅಷ್ಟೇ. ಬೈಗುಳ ಇಲ್ಲ, ಯಾಕೆ ಮಾಡಿದೆ ಅಂತ ಕೇಳಲಿಲ್ಲ. ಪರೀಕ್ಷೆಯಲ್ಲಿ ಪಾಸಾದ ಹುಡುಗನ ಹಾಗೆ ನನ್ನ ಮುಖ ನೋಡಿದ.

ಏನದು ಅಂತ ಅತ್ತೆ ಕೈ ಚಾಚಿದಳು. ಪಟ್ಟಿಯನ್ನು ತಲೆಕೆಳಗಾಗಿ ಹಿಡಿದು ಬಿಸಿಲಿಗೊಡ್ಡಿದಳು. ಅವಳಿಗೆ ಈಗ ಹತ್ತಿರದ್ದು ಏನೂ ಕಾಣುವುದಿಲ್ಲ, ಎದುರಿಗೆ ಯಾರಾದರೂ ನಿಂತರೆ ಆಕಾರ ಮಾತ್ರ ತಿಳಿಯುತ್ತದೆ.

“ಅವ್ನೆಯಾ?” ಅಂತ ಕೇಳಿದಳು.

ಅಣ್ಣ ನನ್ನ ಕಡೆ ತಿರುಗಿದ. ಅವನು ನಮ್ಮ ತಾತನೇ ಅಂತ ನಾನು ಪ್ರಮಾಣ ಮಾಡಲಾರೆ. ಮೂಟೆ ಹೊತ್ತು ಸುಸ್ತಾಗಿ ಒಂಟಿಗಾಲಲ್ಲಿ ನಿಂತವರು ಮದ್ರಾಸಿನಲ್ಲಿ ಎಷ್ಟು ಜನವೋ. ಆದರೂ, “ಅವ್ನೇ ಅತ್ತೆ,” ಅಂದೆ. “ರೈಲಿಂದ ವಸಿ ದೂರ, ಕಡೇಲಿ ನಿಂತವ್ನೆ.”

“ಎಂಗ್ ನಿಂತವ್ನೆ?”

ಹೇಗೆ ಹೇಳುವುದು ಅಂತ ನಾನು ಯೋಚಿಸುವಷ್ಟರಲ್ಲಿ ಅಣ್ಣ ಮಡಿಲಿನ ಅವರೆಸಿಪ್ಪೆ ಕೊಡವಿ ಎದ್ದ. ಅಂಗಳದ ಮಧ್ಯಕ್ಕೆ ಹೋಗಿ, ಪಂಚೆ ಎತ್ತಿ ಕಟ್ಟಿ, ಒಂದು ಕಾಲು ಮಡಿಸಿದ. ಅರವತ್ತು ದಾಟಿದವನು, ತೂಗಾಡಿಬಿಟ್ಟ. ನಾನು ಓಡಿಹೋಗಿ ಹಿಂದಿನಿಂದ ಸೊಂಟ ಹಿಡಿದುಕೊಂಡೆ. ನೋಡಿದವರು ನಗಬೇಕು. ಅತ್ತೆ ನಗಲಿಲ್ಲ. ಕೈಯನ್ನು ಹುಬ್ಬಿನ ಮೇಲೆ ಮರೆ ಹಿಡಿದು ಅಣ್ಣನನ್ನೇ ನೋಡಿದಳು. ನಾವು ಹುಟ್ಟಿದಾಗಿನಿಂದ ನಮ್ಮಿಬ್ಬರನ್ನೂ ಮಗ ಅಂತಲೇ ಕರೆದವಳು ಅವಳು.

“ಅಪ್ಪ,” ಅಂದಳು. “ನಿಂತಿದ್ದು ಸಾಕು, ಬಾ. ಉಂಡ್ಕಂಡ್ ಓಗೀಯಂತೆ.”